ಬೈಬಲ್ ಕಥೆಯಿಂದ ಕನ್ನಡ ಹಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಕೊಡಗಿನ ಹೊರಗಿನವರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ: ಇಲ್ಲಿ ರೈಟರ್ ಅಂದರೆ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಬರೆಯುವವನು. ಹಬ್ಬ ಬಂತು ಅಂದರೆ ಚರ್ಚಿನ ಕ್ವಾಯರ್‌ಗೆ ಹಾಡನ್ನೂ ಬರೆಯುತ್ತೇನೆ. ಡಿಸೆಂಬರ್ ಹತ್ತಿರ ಬಂದ ಹಾಗೆ ಸಂಡೇ ಸ್ಕೂಲ್ ಟೀಚರ್‌ಗಳು, ಯೂತ್ ಗ್ರೂಪಿನ ಹುಡುಗರು ಫೋನು ಮಾಡಿ ಅದದೇ ಪ್ರಶ್ನೆ ಕೇಳುತ್ತಾರೆ. ಅವಕ್ಕೆಲ್ಲ ಒಂದೇ ಕಡೆ ಉತ್ತರ ಬರೆದಿಡುತ್ತಿದ್ದೇನೆ.

ಮೊದಲ ಸಲ ಬರೆಯುತ್ತಿದ್ದೇನೆ. ಯಾವ ಕಥೆ ತೆಗೆದುಕೊಳ್ಳಲಿ?

ಚಿಕ್ಕದು. ದಾವೀದ ಮತ್ತು ಗೊಲ್ಯಾತ, ಮೋಶೆ ಮತ್ತು ಕೆಂಪು ಸಮುದ್ರ, ಇವುಗಳಿಗೆ ಈಗ ಕೈ ಹಾಕಬೇಡಿ. ಜನ ಈಗಾಗಲೇ ನೂರು ಸಲ ಕೇಳಿರುತ್ತಾರೆ. ನಿಮ್ಮ ಹಾಡು ಶುರುವಾಗುವ ಮೊದಲೇ ಅವರ ತಲೆಯಲ್ಲಿ ಬೇರೆ ಹಾಡು ಓಡುತ್ತಿರುತ್ತದೆ.

ಜಕ್ಕಾಯ ಮರ ಹತ್ತಿದ ಕಥೆ ಲೂಕನ 19ನೇ ಅಧ್ಯಾಯದ ಮೊದಲ ಹತ್ತೇ ವಚನ. ಕುಳ್ಳ ಮನುಷ್ಯ, ಎಲ್ಲರೂ ಬೈಯುವ ತೆರಿಗೆಯವನು, ಮರದ ಮೇಲೆ ಕೂತಿದ್ದಾನೆ. ಯಾರೋ ಕೆಳಗಿನಿಂದ ಹೆಸರು ಹಿಡಿದು ಕರೆಯುತ್ತಾರೆ. ಒಂದು ಹಾಡಿಗೆ ಇಷ್ಟು ಧಾರಾಳ ಸಾಕು.

ಇಡೀ ಕಥೆ ಹಾಡಿನಲ್ಲಿ ಬರಬೇಕಾ?

ಬೇಡ. ನಾನು ಹೇಳುವ ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ. ಕಥೆ ಹೇಳುವ ಕೆಲಸ ಪಾದ್ರಿಯ ಪ್ರಸಂಗಕ್ಕೆ ಬಿಡಿ. ನೀವು ಕಥೆಯೊಳಗೆ ಹೋಗಿ ಯಾರಾದರೂ ಒಬ್ಬರ ಪಕ್ಕದಲ್ಲಿ ನಿಂತುಕೊಳ್ಳಿ. ಅಲ್ಲಿಂದ ಏನು ಕಾಣುತ್ತದೋ ಅಷ್ಟನ್ನೇ ಹಾಡಿ.

ಯೋನನ ಪುಸ್ತಕ ನೋಡಿ. ನಾಲ್ಕು ಅಧ್ಯಾಯ, 48 ವಚನ, ಒಂದು ಲೋಟ ಕಾಫಿ ಮುಗಿಯುವುದರೊಳಗೆ ಓದಿ ಮುಗಿಸಬಹುದು. ಯೋನನ ಮೇಲೆ ಹಾಡು ಬರೆಯುವ ಹತ್ತರಲ್ಲಿ ಒಂಬತ್ತು ಜನ ಮೀನಿನ ಹೊಟ್ಟೆಗೇ ಹೋಗುತ್ತಾರೆ. ಮೂರು ದಿನ, ಮೂರು ರಾತ್ರಿ, ಕತ್ತಲೆ, ಪ್ರಾರ್ಥನೆ. ಸರಿ. ಆದರೆ ಕೊನೆಯ ಅಧ್ಯಾಯ ಓದಿದ್ದೀರಾ? ನಿನೆವೆ ಊರು ಉಳಿದುಬಿಟ್ಟಿತಲ್ಲ ಅಂತ ಯೋನನಿಗೆ ಸಿಟ್ಟು. ಊರಾಚೆ ಚಪ್ಪರ ಹಾಕಿಕೊಂಡು ಕೂತಿದ್ದಾನೆ. ದೇವರು ಒಂದು ಸೋರೆ ಗಿಡ ಬೆಳೆಸುತ್ತಾನೆ, ನೆರಳಾಗುತ್ತದೆ, ಯೋನನಿಗೆ ಖುಷಿಯೋ ಖುಷಿ. ಮಾರನೇ ದಿನ ಹುಳ ಹತ್ತಿ ಗಿಡ ಒಣಗುತ್ತದೆ. ‘ಸತ್ತುಹೋದರೇ ವಾಸಿ’ ಅನ್ನುತ್ತಾನೆ. ಗಿಡಕ್ಕೆ ಇಷ್ಟು ಮರುಗುವ ನೀನು, ಎಡಗೈ ಬಲಗೈ ಗೊತ್ತಿಲ್ಲದ ಲಕ್ಷದ ಇಪ್ಪತ್ತು ಸಾವಿರ ಜನ, ಅಷ್ಟೊಂದು ದನಕರು ಇರುವ ಊರಿಗೆ ನಾನು ಮರುಗಬಾರದಾ ಅಂತ ದೇವರು ಕೇಳುತ್ತಾನೆ. ಅಲ್ಲಿಗೆ ಪುಸ್ತಕವೇ ಮುಗಿಯುತ್ತದೆ. ಯೋನ ಏನು ಉತ್ತರ ಕೊಟ್ಟ ಅಂತ ಬರೆದೇ ಇಲ್ಲ.

ಹಾಡು ಇರುವುದು ಆ ಗಿಡದ ಬುಡದಲ್ಲಿ. ಕಾಂಡ ಕೊರೆಯುವ ಬೋರರ್ ಹುಳ ಹತ್ತಿ ಅರೇಬಿಕಾ ಕಾಫಿ ಗಿಡ ಒಣಗುವುದನ್ನು ನೋಡಿದ ನಮ್ಮೂರಿನವರಿಗೆ ಒಂದು ಗಿಡಕ್ಕೆ ಅಳುವುದು ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಬರೆದರೆ ಪ್ರತಿ ಸಾಲೂ ‘ದನು, ದನು’ ಅಂತ ಮುಗಿಯುತ್ತದೆ. ಏನು ಮಾಡಲಿ?

ಈ ಕಾಯಿಲೆ ನನಗೂ ಇತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೋದನು, ಬಂದನು, ಎಂದನು, ಮಡಿದನು. ಪ್ರಾಸ ಪುಕ್ಕಟೆ ಸಿಗುತ್ತದೆ, ಆದರೆ ಪುಕ್ಕಟೆ ಸಿಕ್ಕಿದ್ದು ಅಂತ ಕೇಳುವವರಿಗೂ ಗೊತ್ತಾಗುತ್ತದೆ. ನಾನೇ ಮೊದಲು ಬರೆದದ್ದು ಹೀಗಿತ್ತು:

ಯೋನನು ಎದ್ದನು, ಹಡಗನು ಹತ್ತಿದನು
ಬಿರುಗಾಳಿಯ ನಡುವೆ ಕೆಳಗಿಳಿದು ಮಲಗಿದನು

ಹಾಜರಿ ಪುಸ್ತಕ ಓದಿದ ಹಾಗಿದೆ, ಅಲ್ವಾ? ಇದಕ್ಕೆ ಮದ್ದು ಇದೆ. ಕಥೆಯಲ್ಲಿ ಯಾರಾದರೂ ಬಾಯಿ ಬಿಟ್ಟು ಮಾತಾಡುವ ಜಾಗ ಹುಡುಕಿ. ಯೋನನ ಮೊದಲ ಅಧ್ಯಾಯದಲ್ಲಿ ಹಡಗಿನವರು ಒಬ್ಬೊಬ್ಬರೂ ತಮ್ಮ ತಮ್ಮ ದೇವರನ್ನು ಕೂಗಿ ಸೋತಿದ್ದಾರೆ. ಹಡಗಿನ ಯಜಮಾನ ಕೆಳಗಿಳಿದು ಬಂದು ಮಲಗಿದವನನ್ನು ಎಬ್ಬಿಸುತ್ತಾನೆ. ಅವನ ಬಾಯಿಗೆ ಹಾಡು ಕೊಟ್ಟೆ:

ಏಳೋ ಮಾರಾಯಾ, ನೀರೊಳಗೆ ಬಂತು
ನಿನ್ನ ದೇವರ ಕರೆಯೊ, ನಮ್ಮವರು ಸುಸ್ತು

‘ದನು’ ಎಲ್ಲೂ ಇಲ್ಲ. ‘ಮಾರಾಯ’ ಇರಬಹುದಾ ಅಂತ ಕ್ವಾಯರ್‌ನಲ್ಲಿ ಒಂದು ವಾರ ಚರ್ಚೆ ಆಯಿತು. ಮುಳುಗುವ ಹಡಗಿನಲ್ಲಿ ಯಾರು ಗ್ರಂಥಭಾಷೆ ಮಾತಾಡುತ್ತಾರೆ ಹೇಳಿ.

ಇನ್ನೊಂದು ದಾರಿ ಆದಿಪ್ರಾಸ, ಅಂದರೆ ಸಾಲಿನ ಎರಡನೇ ಅಕ್ಷರ ಹೊಂದಿಸುವುದು. ಸಾಲಿನ ಕೊನೆ ಆಗ ಬಿಡುಗಡೆ ಆಗುತ್ತದೆ. ಕನ್ನಡದ ಕಿವಿಗೆ ಇದು ಸಾವಿರ ವರ್ಷದ ಅಭ್ಯಾಸ. ಉದಾಹರಣೆ ಮುಂದೆ ಇದೆ.

ಇಂಗ್ಲಿಷ್ ಹಾಡಿನ ಟ್ಯೂನಿಗೆ ಕನ್ನಡ ಮಾತು ಹಾಕಬಹುದಾ?

ಹಾಕಬಹುದು. ಹ್ರಸ್ವ ದೀರ್ಘ ನೋಡಿಕೊಂಡು ಹಾಕಿ. ಇಂಗ್ಲಿಷಿನಲ್ಲಿ ಒಂದು ಅಕ್ಷರವನ್ನು ಎಷ್ಟು ಎಳೆದರೂ ಅರ್ಥ ಅಲ್ಲೇ ಇರುತ್ತದೆ. ಕನ್ನಡದಲ್ಲಿ ಎಳೆದರೆ ಬೇರೆ ಪದವೇ ಆಗಿಹೋಗುತ್ತದೆ.

ಒಂದು ವರ್ಷ ಕ್ರಿಸ್ಮಸ್ ಪ್ರಾಕ್ಟೀಸಿನಲ್ಲಿ ನನ್ನ ಸಾಲು ‘ಶಾಂತಿ ಕೊಡು’ ಅಂತ ಮುಗಿಯುತ್ತಿತ್ತು. ಟ್ಯೂನಿನಲ್ಲಿ ‘ಕೊ’ ಬರುವ ಜಾಗದಲ್ಲಿ ನಾಲ್ಕು ಎಣಿಕೆಯ ಉದ್ದ ಸ್ವರ. ಮಕ್ಕಳು ಪೂರ್ತಿ ಉಸಿರು ತುಂಬಿ ‘ಶಾಂತಿ ಕೋ...ಡು’ ಅಂದರು. ಮೂರನೇ ಸಲ ಹಾಡುವಾಗ ಹಿಂದಿನ ಸಾಲಿನ ಹುಡುಗನೊಬ್ಬ ಎರಡು ಬೆರಳು ತಲೆಗಿಟ್ಟುಕೊಂಡು ಎಮ್ಮೆ ಆದ. ಆ ದಿನ ಪ್ರಾಕ್ಟೀಸ್ ಅಲ್ಲಿಗೆ ಮುಗಿಯಿತು. ರಾತ್ರಿ ಕೂತು ‘ಶಾಂತಿ ತಾ’ ಅಂತ ಮಾಡಿದೆ. ‘ತಾ’ ಹುಟ್ಟಿನಿಂದಲೇ ದೀರ್ಘ, ಎಷ್ಟು ಬೇಕಾದರೂ ಎಳೆಯಿರಿ.

ಇದೇ ಥರ ‘ಕಣ್ಣೀರು ಹರಿದು’ ಎಳೆದರೆ ‘ಹಾರಿದು’ ಆಗುತ್ತದೆ, ‘ಬಿಡು’ ‘ಬೀಡು’ ಆಗುತ್ತದೆ. ಉದ್ದ ಸ್ವರ ಬರುವ ಕಡೆ ಬಾ, ತಾ, ನೀ, ಕಾಯೋ, ಇಂಥವು ಇಡಿ. ಕರೆಯುವ ಮಾತುಗಳೂ ಒಳ್ಳೆಯವು: ದೇವಾ, ತಂದೆಯೇ, ಯೇಸುವೇ. ಯಾರನ್ನಾದರೂ ದೂರದಿಂದ ಕೂಗುವಾಗ ಕನ್ನಡದವರು ಕೊನೆಯ ಅಕ್ಷರ ಎಳೆದೇ ಎಳೆಯುತ್ತಾರೆ. ಗುಡ್ಡದ ಆ ಕಡೆ ಇರುವವರನ್ನು ಕರೆದು ನೋಡಿ.

ಷಟ್ಪದಿ, ತ್ರಿಪದಿ ಎಲ್ಲ ಚರ್ಚ್ ಹಾಡಿಗೆ ಹೊಂದುತ್ತದಾ?

ಹೊಂದುತ್ತದಾ ಅಂತ ಕೇಳುವ ಕಾಲ 150 ವರ್ಷ ಹಿಂದೆಯೇ ಮುಗಿದಿದೆ. ನಿಘಂಟಿನ ಕಿಟೆಲ್ ಗೊತ್ತಲ್ಲ, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟವರು. ಅವರು 1862ರಲ್ಲೇ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿ ‘ಕಥಾಮಾಲೆ’ ಅಂತ ಹೊರತಂದರು. ನಾಗವರ್ಮನ ಛಂದಸ್ಸಿನ ಪುಸ್ತಕವನ್ನು 1875ರಲ್ಲಿ ಸಂಪಾದಿಸಿದವರೂ ಅವರೇ. ನಮ್ಮ ಮಡಿಕೇರಿಯಲ್ಲೂ ಇದ್ದವರು. 1853ರಲ್ಲಿ ಕೊಡಗಿಗೆ ಬಂದ ಹರ್ಮನ್ ಮೊಗ್ಲಿಂಗ್ ಅದಕ್ಕೂ ಮೊದಲು ಮಂಗಳೂರಿನಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರು. ಜರ್ಮನಿಯಿಂದ ಬಂದ ಪಾದ್ರಿಗಳಿಗೆ ನಮ್ಮ ಮಟ್ಟು ಬೇಕಾಯಿತು, ನಮಗೆ ಗಿಟಾರೇ ಬೇಕು. ನನಗೆ ಗಿಟಾರ್ ಮೇಲೆ ಕೋಪ ಇಲ್ಲ, ಸುಮ್ನೆ ಹೇಳಿದೆ.

ಪೂರ್ತಿ ಷಟ್ಪದಿ ಕಟ್ಟಬೇಕು ಅಂತಿಲ್ಲ. ಭಾಮಿನಿ ಷಟ್ಪದಿಯ 3+4 ಮಾತ್ರೆಯ ನಡಿಗೆ ಸಾಕು. ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು. ‘ತಕಿಟ ತಕಧಿಮಿ, ತಕಿಟ ತಕಧಿಮಿ’ ಅಂತ ಬಾಯಲ್ಲಿ ಹೇಳಿಕೊಂಡು ಸಾಲು ಕೂರಿಸಿ. ಕಥೆ ಹೇಳುವುದಕ್ಕೇ ಹುಟ್ಟಿದ ನಡಿಗೆ ಅದು.

ಕಥೆಯನ್ನು ಕೊಡಗಿಗೆ ತರಬಹುದಾ? ದ್ರಾಕ್ಷಿ ತೋಟದ ಬದಲು ಕಾಫಿ ತೋಟ?

ತರಬಹುದು. ಬರಿ ಗಿಡ ಬದಲಾಯಿಸಿದರೆ ಸಾಲದು, ಅಲ್ಲಿನ ವ್ಯವಹಾರ ಇಲ್ಲಿ ನಡೆಯುತ್ತದಾ ನೋಡಬೇಕು.

ಮತ್ತಾಯನ 20ನೇ ಅಧ್ಯಾಯದಲ್ಲಿ ಯಜಮಾನ ಬೆಳಗ್ಗೆ ಆಳು ಕರೆಯುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಇನ್ನಷ್ಟು ಜನ. ಸಾಯಂಕಾಲ ಐದರ ಹೊತ್ತಿಗೂ ಪೇಟೆಯಲ್ಲಿ ಸುಮ್ಮನೆ ನಿಂತವರಿದ್ದಾರೆ. ಯಾಕೆ ನಿಂತಿದ್ದೀರಿ ಅಂದರೆ, ‘ಯಾರೂ ಕರೆಯಲಿಲ್ಲ’ ಅನ್ನುತ್ತಾರೆ. ಅವರನ್ನೂ ಕಳಿಸುತ್ತಾನೆ. ಕೂಲಿ ಕೊಡುವಾಗ ಕೊನೆಗೆ ಬಂದವರಿಂದ ಶುರು, ಎಲ್ಲರಿಗೂ ಒಂದೇ ದಿನಗೂಲಿ. ಬೆಳಗ್ಗೆ ಬಂದವರು ಗೊಣಗುತ್ತಾರೆ.

ಶನಿವಾರ ಬಟವಾಡೆ ಟೇಬಲ್ಲಿನ ಈ ಕಡೆ ಕೂರುವ ನನಗೆ ಆ ಗೊಣಗಾಟ ಚೆನ್ನಾಗಿ ಗೊತ್ತು. ಆದರೆ ಕಾಫಿ ಕೊಯ್ಲು ಅಂತ ಬರೆಯಲಿಲ್ಲ. ಯಾಕೆಂದರೆ ಹಣ್ಣು ಕುಯ್ಯುವಾಗ ನಮ್ಮಲ್ಲಿ ಕೆ.ಜಿ. ಲೆಕ್ಕ, ಐದು ಗಂಟೆಗೆ ಬಂದವರಿಗೆ ಪೂರ್ತಿ ಕೂಲಿ ಅನ್ನುವ ಮಾತೇ ಹುಟ್ಟುವುದಿಲ್ಲ. ಕಳೆ ಕೆಲಸಕ್ಕೆ ದಿನಗೂಲಿ. ಅದಕ್ಕೇ ಕಳೆ ಕೆಲಸ ಇಟ್ಟೆ. ಒಂದು ನುಡಿ ಹೀಗಿದೆ:

ಐದು ಗಂಟೆಗೆ ಬಂದ ಅಣ್ಣನು
ಕಾದು ನಿಂತನು ಸಾಲ ಕೊನೆಯಲಿ
ಓದಿ ಕರೆದರು ಅವನ ಹೆಸರನೆ
ಮೊದಲ ಕೂಲಿಯು ಅವನ ಕೈಯಲಿ

ನಾಲ್ಕೂ ಸಾಲು 14 ಮಾತ್ರೆ. ಎರಡನೇ ಅಕ್ಷರ ನೋಡಿ, ದು, ದು, ದಿ, ದ. ಉಳಿದ ಸಾಲುಗಳ ಮೊದಲಕ್ಷರ ದೀರ್ಘ, ಕೊನೆಯ ಸಾಲಿನ ‘ಮೊ’ ಹ್ರಸ್ವ, ಪಂಡಿತರು ಒಪ್ಪಲಿಕ್ಕಿಲ್ಲ. ಹಾಡುವವರು ಯಾರೂ ದೂರಿಲ್ಲ.

ರೂತಳ ಕಥೆಗಂತೂ ಏನೂ ಬದಲಾಯಿಸುವುದೇ ಬೇಡ. ಬರ ಬಂದು ಊರು ಬಿಟ್ಟ ಕುಟುಂಬ, ಗಂಡ ಮಕ್ಕಳನ್ನು ಕಳೆದುಕೊಂಡು ಬರಿಗೈಯಲ್ಲಿ ವಾಪಸ್ ಬಂದ ಅತ್ತೆ, ಜೊತೆಗೆ ಬಂದ ಪರದೇಶಿ ಸೊಸೆ. ಲೈನ್ ಮನೆಗಳಲ್ಲಿ, ಅಂದರೆ ಎಸ್ಟೇಟಿನ ಆಳುಗಳ ಸಾಲುಮನೆಗಳಲ್ಲಿ, ಕೇಳಿದರೆ ಇಂಥ ಕಥೆ ಮನೆಗೊಂದು ಸಿಗುತ್ತದೆ. ಸೊಸೆ ಜವೆಗೋದಿ ಕೊಯ್ದ ಹೊಲದಲ್ಲಿ ಬಿದ್ದ ತೆನೆ ಆಯುತ್ತಾಳೆ. ಅದಕ್ಕೆ ಕನ್ನಡದಲ್ಲಿ ‘ಹಕ್ಕಲು’ ಅಂತ ಚಂದದ ಪದ ಇದೆ. ಮಕ್ಕಳಿಗೆ ಆ ಪದ ಗೊತ್ತಿಲ್ಲದಿದ್ದರೆ ಹಾಡಿನಿಂದಲೇ ಗೊತ್ತಾಗಲಿ. ಇವಳಿಗೆ ಸಿಗಲಿ ಅಂತ ಕಟ್ಟಿನಿಂದ ಬೇಕೆಂದೇ ನಾಲ್ಕು ತೆನೆ ಬೀಳಿಸಿ ಅಂತ ಹೊಲದ ಯಜಮಾನ ಆಳುಗಳಿಗೆ ಹೇಳುತ್ತಾನೆ. ಆ ಬೇಕೆಂದೇ ಬೀಳಿಸಿದ ತೆನೆಯ ಮೇಲೆ ಯಾರಾದರೂ ಬರೆಯಿರಿ, ನನಗೆ ಇನ್ನೂ ಆಗಿಲ್ಲ.

‘ಕುರುಬ’ ಅನ್ನುವ ಪದ ಹಾಡಿನಲ್ಲಿ ಬಳಸಲೇ?

ಹಳೆಯ ಅನುವಾದದಲ್ಲಿ 23ನೇ ಕೀರ್ತನೆಗೆ ಆ ಪದವೇ ಇದೆ. ಮೈಸೂರು, ಚಿತ್ರದುರ್ಗದ ಕಡೆ ಕುರಿ ಕಣ್ಣಮುಂದೆ ಬರುತ್ತದೆ. ಕೊಡಗಿನಲ್ಲಿ ಕುರುಬ ಅಂದರೆ ಜೇನುಕುರುಬರು, ಬೆಟ್ಟಕುರುಬರು, ಕಾಡಿನ ಜನ. ಕುರಿಗೂ ಅವರಿಗೂ ಸಂಬಂಧ ಇಲ್ಲ. ಸಂಡೇ ಸ್ಕೂಲಿನಲ್ಲಿ ಒಂದು ಮಗು ದೇವರ ಕೈಗೆ ಜೇನುತಟ್ಟಿ ಕೊಟ್ಟು ಚಿತ್ರ ಬರೆದಿತ್ತು. ನನಗೆ ಆ ಚಿತ್ರ ಇಷ್ಟವೇ ಆಯಿತು. ಆದರೂ ಹಾಡಿನಲ್ಲಿ ‘ಕುರಿ ಕಾಯುವವ’, ‘ಕಾಯುವ ತಂದೆ’ ಅಂತ ಬರೆಯುತ್ತೇನೆ.

ಬೈಬಲ್‌ನಲ್ಲಿ ಇಲ್ಲದ್ದನ್ನು ಸೇರಿಸಬಹುದಾ?

ಮೇಲಿನ ಹಾಡಿನಲ್ಲಿ ಹೆಸರು ಓದಿ ಕರೆಯುವುದು ಮತ್ತಾಯನಲ್ಲಿ ಇಲ್ಲ, ಅದು ನನ್ನ ಬಟವಾಡೆ. ಇಷ್ಟು ಸೇರಿಸಿದರೆ ತಪ್ಪಿಲ್ಲ ಅನ್ನುವುದು ನನ್ನ ಲೆಕ್ಕ. ಕಥೆಯ ತಿರುವು ಬದಲಾಗಬಾರದು, ಹಾಡಿನವನು ಸೇರಿಸಿದ್ದೇ ನಾಳೆ ಬೈಬಲ್ ಆಗಿಬಿಡಬಾರದು.

ಹಾಗೆ ಆಗಿಬಿಟ್ಟವು ಬೇಕಾದಷ್ಟಿವೆ. ಮೂಡಣದ ಜ್ಞಾನಿಗಳು ಮೂರು ಜನ ಅಂತ ಮತ್ತಾಯ ಹೇಳುವುದಿಲ್ಲ. ಚಿನ್ನ, ಧೂಪ, ರಕ್ತಬೋಳ ಅಂತ ಕಾಣಿಕೆ ಮೂರು, ಜನ ಎಷ್ಟೋ. ಏದೆನ್ ತೋಟದ ಹಣ್ಣು ಸೇಬು ಅಂತ ಎಲ್ಲೂ ಇಲ್ಲ. ಯೋನನನ್ನು ನುಂಗಿದ್ದು ‘ದೊಡ್ಡ ಮೀನು’, ತಿಮಿಂಗಿಲ ಅಂದವರು ನಾವು. ಛತ್ರದಲ್ಲಿ ಜಾಗ ಇರಲಿಲ್ಲ ಅಂತ ಲೂಕ ಹೇಳುತ್ತಾನೆ. ಬಾಗಿಲು ಹಾಕಿಕೊಂಡ ಆ ಕೆಟ್ಟ ಛತ್ರದವನು ಮಾತ್ರ ಅವನ ಪುಸ್ತಕದಲ್ಲಿಲ್ಲ, ನಮ್ಮ ನಾಟಕದಲ್ಲಿದ್ದಾನೆ.

ಬರೆಯುವ ಮೊದಲು ಕಥೆಯನ್ನು ಪುಸ್ತಕದಲ್ಲೇ ಒಂದು ಸಲ ಓದಿ. ಗೊತ್ತಿದೆ ಅಂದುಕೊಂಡ ಕಥೆಯನ್ನಂತೂ ಎರಡು ಸಲ.

ಮಕ್ಕಳಿಗೆ ನೋಹನ ದೋಣಿ ಹಾಡು ಬರೆದುಕೊಡಿ.

ಇದು ಪ್ರಶ್ನೆ ಅಲ್ಲ, ಆದರೂ ಜಾಸ್ತಿ ಬರುವುದು ಇದೇ.

2018ರಲ್ಲಿ ನಾನು ಒಂದು ಬರೆದಿದ್ದೆ. ‘ಮಳೆಯೇ ಬಾ ಮಳೆಯೇ ಬಾ, ದೋಣಿಯ ತೇಲಿಸು ಬಾ’, ಕೈ ಆಡಿಸಿಕೊಂಡು ಹಾಡುವಂಥದ್ದು. ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರಿನ ಕಡೆ ಗುಡ್ಡ ಜಾರಿತು. ಮನೆ, ತೋಟ, ರಸ್ತೆ ಎಲ್ಲ ಕೆಸರಾಗಿ ಕೆಳಗೆ ಹೋಯಿತು. ಪರಿಹಾರ ಕೇಂದ್ರಕ್ಕೆ ಅಕ್ಕಿ ಕೊಡಲು ಹೋದಾಗ ಮಕ್ಕಳು ಚಾಪೆ ಮೇಲೆ ಕೂತಿದ್ದರು. ಶೀಟಿನ ಮೇಲೆ ಮಳೆ ಜೋರಾದಾಗ ಒಂದು ಹುಡುಗಿ ಮಾತು ನಿಲ್ಲಿಸಿ ಮೇಲೆ ನೋಡಿತು, ಮಳೆ ಕಮ್ಮಿ ಆಗುವವರೆಗೂ ಮತ್ತೆ ಬಾಯಿ ತೆರೆಯಲಿಲ್ಲ. ಆ ಹಾಡಿನ ಹಾಳೆಯನ್ನು ಮನೆಗೆ ಬಂದು ಹರಿದೆ.

ಆಮೇಲೆ ಆದಿಕಾಂಡದ 8ನೇ ಅಧ್ಯಾಯ ಮತ್ತೆ ಓದಿದೆ. ನೋಹ ಪಾರಿವಾಳ ಬಿಡುತ್ತಾನೆ, ಕಾಲೂರಲು ಎಲ್ಲೂ ಜಾಗ ಸಿಗದೆ ಅದು ವಾಪಸ್ ಬರುತ್ತದೆ. ನೋಹ ಕೈ ಚಾಚಿ ಒಳಗೆ ತೆಗೆದುಕೊಳ್ಳುತ್ತಾನೆ. ಏಳು ದಿನ ಬಿಟ್ಟು ಕಳಿಸಿದಾಗ ಸಂಜೆಗೆ ಎಣ್ಣೆಮರದ ಎಲೆ ತರುತ್ತದೆ. ಈಗ ನಮ್ಮ ಮಕ್ಕಳು ಹಾಡುವುದು ಎಲೆ ಇಲ್ಲದೆ ವಾಪಸ್ ಬಂದ ಆ ಪಾರಿವಾಳದ ಹಾಡು. ಆನೆ, ಜಿರಾಫೆ ಇಲ್ಲ ಅಂತ ಕೆಲವು ಟೀಚರ್‌ಗಳಿಗೆ ಬೇಜಾರು.

ದುಡಿ ಬಾರಿಸಿ ಹಾಡುವ ಕೊಡವ ಧಾಟಿ ಬಳಸಬಹುದಾ?

ದುಡಿ ಕೊಟ್ಟ್ ಪಾಟ್‌ನಲ್ಲಿ ಇಬ್ಬರು ಒಂದು ಸಾಲು ಹಾಡುತ್ತಾರೆ, ಉಳಿದಿಬ್ಬರು ಅದನ್ನೇ ಎತ್ತಿಕೊಳ್ಳುತ್ತಾರೆ. ಈ ಕ್ರಮ ಯಾರು ಬೇಕಾದರೂ ಕಲಿಯಬಹುದು, ಇಡೀ ಸಭೆ ಹಾಡುವುದಕ್ಕೆ ಇದರಷ್ಟು ಒಳ್ಳೆಯದು ಇಲ್ಲ. ಆದರೆ ಮದುವೆಗೆ, ಸಾವಿಗೆ, ದೇವರ ಹಬ್ಬಕ್ಕೆ ಅಂತ ಇರುವ ಪಾಟ್‌ನ ಧಾಟಿಯನ್ನೇ ಎತ್ತಿ ತಂದು ಅದಕ್ಕೆ ನಮ್ಮ ಮಾತು ತುಂಬುವುದು ನನಗೆ ಸರಿ ಕಾಣುವುದಿಲ್ಲ. ಅದು ಬೇರೆಯವರ ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ದೀಪ. ಹಿರಿಯರನ್ನು ಕೇಳಿ, ಅವರು ಹೂಂ ಅಂದರೆ ಸರಿ.

ಬೈಬಲ್‌ನಲ್ಲೇ ಹಾಡುಗಳಿವೆಯಲ್ಲ, ಅವುಗಳಿಂದ ಏನು ಕಲಿಯಬಹುದು?

ಬಹಳ. ಸಮುದ್ರ ದಾಟಿದ ಮೇಲೆ ದಮ್ಮಡಿ ಹಿಡಿದು ಕುಣಿದ ಮಿರ್ಯಾಮಳು, ಯುದ್ಧ ಗೆದ್ದ ಮೇಲೆ ಹಾಡಿದ ದೆಬೋರಳು, ಮಗು ಹುಟ್ಟಿದ ಮೇಲೆ ಹಾಡಿದ ಹನ್ನಳು, ಬಸಿರಿನಲ್ಲಿ ಹಾಡಿದ ಮರಿಯಳು. ಕಥೆ ನಡೆಯುತ್ತಾ ನಡೆಯುತ್ತಾ ಹೆಂಗಸರು ನಿಂತು ಹಾಡಿಬಿಡುತ್ತಾರೆ.

150 ಕೀರ್ತನೆಗಳಲ್ಲಿ 136ನೆಯದನ್ನು ಜೋರಾಗಿ ಓದಿ. 26 ವಚನ, ಪ್ರತಿ ವಚನದ ಅರ್ಧ ಹೊಸದು, ಅರ್ಧ ‘ಆತನ ಕೃಪೆ ಎಂದೆಂದಿಗೂ’ ಅನ್ನುವ ಅದೇ ಮಾತು. ಒಬ್ಬರು ಹೇಳಿ ಉಳಿದವರು ಎತ್ತಿಕೊಳ್ಳುವ ಹಾಡು, ದುಡಿಯವರ ಹಾಗೇ. ಮತ್ತೆ, ಹೀಬ್ರೂ ಹಾಡಿನಲ್ಲಿ ಪ್ರಾಸಕ್ಕಿಂತ ಜಾಸ್ತಿ ಕೆಲಸ ಮಾಡುವುದು ಜೋಡಿ ಸಾಲು. ಒಂದು ಸಾಲಿನಲ್ಲಿ ಹೇಳಿದ್ದನ್ನೇ ಇನ್ನೊಂದು ಸಾಲು ಬೇರೆ ಮಾತಿನಲ್ಲಿ ಹೇಳುತ್ತದೆ. ಪ್ರಾಸ ಸಿಗದೆ ಒದ್ದಾಡುವಾಗ ಇದು ನೆನಪಿಟ್ಟುಕೊಳ್ಳಿ.

ಯೆಹೋವ, ಸರ್ವೇಶ್ವರ, ಕರ್ತ... ಯಾವುದು ಬಳಸಲಿ?

ಯಾರು ಹಾಡುತ್ತಾರೆ ನೋಡಿ. ಕಥೋಲಿಕರ ಪೂಜೆಯಲ್ಲಿ ಸರ್ವೇಶ್ವರ ಸಹಜ, ಪ್ರೊಟೆಸ್ಟೆಂಟರ ಆರಾಧನೆಯಲ್ಲಿ ಯೆಹೋವ, ಕರ್ತ. ಎಲ್ಲರೂ ಸೇರಿ ಹಾಡುವುದಾದರೆ ‘ದೇವಾ’, ‘ತಂದೆ’. ಕೊಡಗಿನಲ್ಲಿ ಇನ್ನೊಂದು ವಿಷಯ ಇದೆ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ 1792ರದು, ಅಂದಿನಿಂದ ಇಂದಿನವರೆಗೆ ಇಲ್ಲಿನ ಕ್ರೈಸ್ತರು ಮನೆಯಲ್ಲಿ ಕೊಂಕಣಿ, ಮಲಯಾಳ, ತಮಿಳು, ತುಳು ಏನೇನೋ ಮಾತಾಡುವವರು. ಕನ್ನಡ ಅವರನ್ನು ಸೇರಿಸುವ ಭಾಷೆ. ಅದಕ್ಕೇ ಸಂಸ್ಕೃತದ ಉದ್ದುದ್ದ ಪದ ಬೇಡ. ಅರ್ಧ ಜನ ಬಾಯಿ ಮಾತ್ರ ಆಡಿಸುತ್ತಾರೆ.

ಕ್ರೈಸ್ತರಲ್ಲದವರು ಬರೆಯಬಹುದಾ?

ಕೇಳುವುದೇನು, ಬರೆಯಿರಿ. ನಮಗಿಂತ ಚೆನ್ನಾಗಿ ಬರೆಯುತ್ತೀರಿ, ಯಾಕೆಂದರೆ ಕಥೆ ನಿಮಗೆ ಹೊಸದು.

ಕಾಪಿರೈಟ್ ತೊಂದರೆ ಬರುತ್ತದಾ?

ಕಥೆ ಯಾರ ಸ್ವತ್ತೂ ಅಲ್ಲ. ಇತ್ತೀಚಿನ ಅನುವಾದದ ವಾಕ್ಯಗಳಿಗೆ ಹಕ್ಕುದಾರರು ಇರುತ್ತಾರೆ. ಅದಕ್ಕೇ ವಚನವನ್ನು ಹಾಗೇ ನಕಲು ಮಾಡಿ ಹಾಡು ಮಾಡಬೇಡಿ, ನಿಮ್ಮ ಮಾತಿನಲ್ಲಿ ಬರೆಯಿರಿ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅವರು 1831ರ ಹೊತ್ತಿಗೆ ಮುಗಿಸಿದ ಮೊದಲ ಕನ್ನಡ ಬೈಬಲ್‌ಗೆ ಆ ಕಟ್ಟು ಇಲ್ಲ. ನಮ್ಮ 1957ರ ಕಾಯಿದೆ ಪ್ರಕಾರ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಸಾಹಿತ್ಯಕ್ಕೆ ಬೇರೆ, ಸಂಗೀತಕ್ಕೆ ಬೇರೆ. ಸಿನಿಮಾ ಟ್ಯೂನಿಗೆ ಹೊಸ ಮಾತು ಹಾಕಿ ಯೂಟ್ಯೂಬಿಗೆ ಏರಿಸುವ ಹುಡುಗರು ಇದನ್ನು ಎರಡು ಸಲ ಓದಿ.

ಹಾಡುವವರು ನನ್ನ ಸಾಲು ಬದಲಾಯಿಸಿದರೆ?

ಮೊದಲು ನನಗೂ ಸಿಟ್ಟು ಬರುತ್ತಿತ್ತು. ಆ ಕಳೆ ಕೆಲಸದ ಹಾಡನ್ನು ಲೈನ್ ಮನೆಯ ಪ್ರಾರ್ಥನೆಯಲ್ಲಿ ಮೊದಲ ಸಲ ಹಾಡಿಸಿದ ದಿನ, ಹಿಂದೆ ಕೂತಿದ್ದ ಒಬ್ಬ ಹೆಂಗಸು ಕೇಳಿದರು: ‘ಏನ್ ರೈಟರಣ್ಣಾ, ಕಳೆ ತೆಗೆಯೋದು ನಾವು. ಹಾಡಲ್ಲಿ ಅಣ್ಣ ಎಲ್ಲಿಂದ ಬಂದ?’ ಎಲ್ಲರೂ ನಕ್ಕರು. ನಾನೂ ನಕ್ಕು, ನೋಡೋಣ ಅಂತ ಹೇಳಿ ಬಂದೆ.

ನೋಡುವ ಕೆಲಸ ಅವರೇ ಮಾಡಿದ್ದರು. ಮುಂದಿನ ವಾರ ಹೋದಾಗ ಹಾಡು ಆಗಲೇ ಶುರುವಾಗಿತ್ತು. ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಾ, ಬೆರಳಲ್ಲಿ ಮಾತ್ರೆ ಎಣಿಸಿದೆ. ಒಂದೂ ತಪ್ಪಿರಲಿಲ್ಲ.

ಐದು ಗಂಟೆಗೆ ಬಂದ ಅಜ್ಜಿಯು
ಕಾದು ನಿಂತಳು ಸಾಲ ಕೊನೆಯಲಿ
ಓದಿ ಕರೆದರು ಅವಳ ಹೆಸರನೆ
ಮೊದಲ ಕೂಲಿಯು ಅವಳ ಕೈಯಲಿ